ಇದ್ದತ್ತಿನ ಬಾಗಿಲು

ಬ್ಲ್ಯಾಕ್‌ಟೌನಿನ ನಮ್ಮ ಬೀದಿಯಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ. ಒಂದು ನಮ್ಮದು, ಇನ್ನೊಂದು ಬೇಲಿಯಾಚೆಯ ಬಿಲ್ಕೀಸಳದು. ಅವಳು ಮೈಸೂರಿನ ಮಂಡಿ ಮೊಹಲ್ಲಾದವಳು, ನಾನು ಒಂಟಿಕೊಪ್ಪಲಿನವಳು. ಊರಲ್ಲಿದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವೋ ಇಲ್ಲವೋ. ಇಲ್ಲಿ ಹುಳಿಪುಡಿ, ಕೊತ್ತಂಬರಿ ಸೊಪ್ಪು, ಅವಳ ಪುಟ್ಟ ಮಗಳು ಶಿಫಾ, ಎಲ್ಲವೂ ಬೇಲಿಯ ಮೇಲಿಂದಲೇ ದಾಟುತ್ತಿದ್ದವು.

ಅವಳ ಗಂಡ ಇನಾಯತ್ ಕೆಲಸದ ನೆಪ ಹೇಳಿ ಮೆಲ್ಬರ್ನ್‌ಗೆ ಹೋದವನು, ೧೯೯೩ರ ಚಳಿಗಾಲದಲ್ಲಿ ಅಲ್ಲಿನ ಗ್ಲೆನ್ ವೇವರ್ಲಿಯಿಂದ ಫೋನ್ ಮಾಡಿ ತಲಾಖ್ ಹೇಳಿಬಿಟ್ಟ. ಅನ್ನ ಬಸಿಯುತ್ತಿದ್ದ ಬಿಲ್ಕೀಸ್ ಕೈ ಒರೆಸಿಕೊಂಡು ಬಂದು ಫೋನ್ ಎತ್ತಿದ್ದಳಂತೆ. ಅವನು ಇಟ್ಟ ಮೇಲೆ ಮತ್ತೆ ಹೋಗಿ ಅನ್ನ ಬಸಿದಳಂತೆ.

ಆ ವಾರವೇ ಇನಾಯತನ ಸೋದರತ್ತೆ ಬಂದಿಳಿದರು. ಎಲ್ಲರೂ ಫುಪ್ಪಿ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮೊದಲು ಅಣ್ಣನ ಮನೆ, ಅಣ್ಣ ಹೋದ ಮೇಲೆ ಅಣ್ಣನ ಮಗನ ಮನೆ, ಹೀಗೇ ಬದುಕು ಕಳೆದ ಹೆಂಗಸು. ಕೆಟ್ಟವರಲ್ಲ. ಶಿಫಾಳಿಗೆ ಎಷ್ಟು ಪ್ರೀತಿಯಿಂದ ತಲೆ ಬಾಚುತ್ತಿದ್ದರು! ಆದರೆ ಮುಂಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂತುಬಿಟ್ಟರು.

ತಲಾಖ್ ಆದವಳು ಮೂರು ತಿಂಗಳ ಮಟ್ಟಿಗೆ ಇದ್ದತ್ ಕೂರಬೇಕು, ಹೊಸ್ತಿಲು ದಾಟಬಾರದು. ಅಷ್ಟು ದಿನ ಗಂಡ ಖರ್ಚಿಗೆ ಕೊಡುತ್ತಾನೆ, ಆಮೇಲೆ ಅವನಿಗೂ ಇವಳಿಗೂ ಸಂಬಂಧವಿಲ್ಲ. ಇಂಡಿಯಾದಲ್ಲೂ ಈಗ ಕಾನೂನೇ ಹಾಗಾಗಿದೆ, ಎಂದರು ಫುಪ್ಪಿ. ಇದ್ದತ್ ಮುಗಿಯುತ್ತಲೇ ಮನೆ ಖಾಲಿ ಮಾಡಿ, ಮಗುವನ್ನು ಕರೆದುಕೊಂಡು ಮೈಸೂರಿಗೆ ಹೋಗಬೇಕೆಂದು ಇನಾಯತ್ ಹೇಳಿಕಳಿಸಿದ್ದ. ಅಲ್ಲಿ ಬಿಲ್ಕೀಸಳಿಗೆ ತಾಯಿಯೂ ಇಲ್ಲ, ತಂದೆಯೂ ಇಲ್ಲ.

ನಾನು ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಖರ್ಚು ಕೇಳುವ ಹಕ್ಕು ಇರುವಾಗ ಹೊರಗೆ ಹೋಗುವಂತಿಲ್ಲ. ಹೊರಗೆ ಹೋಗಬಹುದು ಅನ್ನುವಾಗ ಹಕ್ಕೇ ಇಲ್ಲ. ಇದನ್ನು ಯಾವ ಮಹಾನುಭಾವ ಕೂತು ಹೊಂದಿಸಿದನೋ! ನಮ್ಮಲ್ಲೇನು ಕಮ್ಮಿಯೇ, ನಮ್ಮಜ್ಜಿ ತಲೆ ಬೋಳಿಸಿಕೊಂಡು ಕೋಣೆಯಲ್ಲಿ ಕೂತದ್ದನ್ನು ಕಂಡವಳು ನಾನು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ನಮ್ಮ ಯಜಮಾನರು ತಿರುಮಲೇಶ್ ಎಂಜಿನಿಯರ್, ಅವರಿಗೆ ಗೊತ್ತಿಲ್ಲದ ವಿಷಯವಿಲ್ಲ. ಈ ದೇಶದಲ್ಲಿ ಡೈವೋರ್ಸ್ ಆದ ಒಂದು ವರ್ಷದೊಳಗೆ ಜೀವನಾಂಶ ಕೇಳಿ ಕೋರ್ಟಿಗೆ ಹೋಗಬೇಕು ಎಂದರು. ಓಡಿಹೋಗಿ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಬಿಲ್ಕೀಸಳಿಗೆ ಹೇಳಿದೆ.

“ಯಾವ ಡೈವೋರ್ಸ್‌ನಿಂದ ಲೆಕ್ಕ, ಅಕ್ಕಾ?” ಅಂದಳು. “ಫೋನಲ್ಲಿ ಆಗಿದ್ದಾ? ಕೋರ್ಟಲ್ಲಿ ಇನ್ನೂ ಏನೂ ಆಗೇ ಇಲ್ವಲ್ಲ.”

ವಾಪಸ್ ಬಂದು ಅದನ್ನೇ ಯಜಮಾನರನ್ನು ಕೇಳಿದೆ. ಅವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಕೊನೆಗೆ ಪುಕ್ಕಟೆ ಸಲಹೆ ಕೊಡುವ ಒಬ್ಬ ವಕೀಲೆಯ ಹತ್ತಿರ ನಾನೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಕಾರಿನ ಕೀ ಹಿಡಿದು ಪಕ್ಕದ ಮನೆ ಬಾಗಿಲಿಗೆ ಹೋದೆ. ಬಿಲ್ಕೀಸ್ ದುಪಟ್ಟಾ ಹೊದ್ದು ಬಂದಳು. ಫುಪ್ಪಿ ಕುರ್ಚಿಯಿಂದ ಏಳಲಿಲ್ಲ. ಹೊಸ್ತಿಲು ದಾಟಿದರೆ ಇದ್ದತ್ ಮುರಿಯುತ್ತದೆ, ಬರುತ್ತಿರುವ ಖರ್ಚೂ ನಿಲ್ಲುತ್ತದೆ, ನಾಳೆ ಜನ ಏನಂದಾರು ಎಂದು ಹೇಳುತ್ತಲೇ ಇದ್ದರು.

“ಹೋದ್ವಾರ ಹಲ್ಲು ನೋವು ಅಂದಾಗ ನೀವೇ ಡೆಂಟಿಸ್ಟ್ ಹತ್ರ ಕರ್ಕೊಂಡು ಹೋದ್ರಿ ಫುಪ್ಪಿ, ಜರೂರಿ ಇದ್ರೆ ಹೋಗಬಹುದು ಅಂತ,” ಎಂದಳು ಬಿಲ್ಕೀಸ್. “ಹಲ್ಲಿಗೆ ಹೋಗಬಹುದಾದ್ರೆ ಹೊಟ್ಟೆಗೆ ಹೋಗಬಾರದಾ? ಇದ್ದತ್ ನಂದು. ಹೋಗಿ ಬಂದು ಮತ್ತೆ ಕೂರ್ತೀನಿ.”

ಕುರ್ಚಿಯನ್ನು ಸುತ್ತಿಕೊಂಡು ಹೊರಗೆ ಬಂದಳು.

ವಕೀಲೆ ಎಲ್ಲ ಕೇಳಿಸಿಕೊಂಡು ಹೇಳಿದ್ದಿಷ್ಟು. ಈ ದೇಶದ ಕೋರ್ಟಿಗೆ ಫೋನಿನ ತಲಾಖ್ ಲೆಕ್ಕಕ್ಕಿಲ್ಲ. ಬಿಲ್ಕೀಸ್ ಇನ್ನೂ ಅವನ ಹೆಂಡತಿ, ಜೀವನಾಂಶವನ್ನು ಈಗಲೇ ಕೇಳಬಹುದು. ಆ ಒಂದು ವರ್ಷ ಶುರುವಾಗುವುದು ಕೋರ್ಟ್ ಡೈವೋರ್ಸ್ ಕೊಟ್ಟ ಮೇಲೆ. ಅದು ದಾಟಿದರೆ ಮಾತ್ರ ಕಷ್ಟ.

ಕಾರಿನಲ್ಲಿ ಬಿಲ್ಕೀಸ್ ನಕ್ಕಳು, ಆಮೇಲೆ ಅತ್ತಳು. ಮನೆಯೊಳಗೆ ತಲಾಖ್ ಆದವಳು, ಕೋರ್ಟಲ್ಲಿ ಹೆಂಡತಿ, ನಿಜವಾಗಿ ತಾನು ಯಾರು ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು? ಶಿಫಾಳ ತಾಯಿ ಅಂದೆ. ಮನೆಗೆ ಬಂದವಳು ಕೈಕಾಲು ತೊಳೆದು, ಹೇಳಿದ ಹಾಗೇ ಒಳಗೆ ಹೋಗಿ ಕೂತಳು. ಅರ್ಜಿ ಹಾಕುವುದಂತೂ ನಿಶ್ಚಯವಾಗಿತ್ತು.

ಸಂಜೆ ಫುಪ್ಪಿ ಬೇಲಿಯ ಹತ್ತಿರ ಬಂದರು. ಬಯ್ಯಲು ಬಂದರೆಂದುಕೊಂಡು ನಾನು ಸೆರಗು ಬಿಗಿದು ನಿಂತೆ. ಅವರು ಬೇಲಿಯ ಹಲಗೆ ಹಿಡಿದುಕೊಂಡರು.

“ಜಾನಕಮ್ಮಾ, ಆ ವಕೀಲಮ್ಮನ್ನ ಇನ್ನೊಂದು ಮಾತು ಕೇಳ್ತೀರಾ? ನಾನೂ ಹಿಂಗೇ ಇದ್ದತ್ ಕೂತಿದ್ದೆ, ಮೈಸೂರಲ್ಲಿ. ಆಗ ನಂಗೆ ಇಪ್ಪತ್ತೆರಡು. ಎದ್ದು ಹೊರಗೆ ಬಂದಾಗ ಏನೂ ಉಳಿದಿರ್ಲಿಲ್ಲ. ಈಗ ಕೇಳಿದ್ರೆ, ಟೈಮ್ ಆಗೋಯ್ತು ಅಂತಾರಾ?”

ಉತ್ತರ ನನಗೆ ಗೊತ್ತಿತ್ತು. ಬೇಲಿಯ ಮೇಲಿಂದ ಅವರ ಕೈ ಹಿಡಿದುಕೊಂಡೆ.

ಮಾರನೆಯ ಬೆಳಿಗ್ಗೆ ಹುಳಿಪುಡಿ ಕೊಡಲು ಹೋದಾಗ ಮುಂಬಾಗಿಲು ತೆರೆದಿತ್ತು. ಪಕ್ಕದಲ್ಲಿ ಕುರ್ಚಿ ಇರಲಿಲ್ಲ. ಫುಪ್ಪಿ ಅದನ್ನು ಅಡುಗೆಮನೆಗೆ ಒಯ್ದು, ಶಿಫಾಳನ್ನು ಕೂರಿಸಿ ಹಾಲು ಕುಡಿಸುತ್ತಿದ್ದರು.