ಬಿಸ್ಕತ್ತಿನ ಡಬ್ಬಿಯ ಮಾತ್ರೆಗಳು

ನಮ್ಮ ದ್ವೀಪದಲ್ಲಿ ಏನನ್ನೂ ಎಸೆಯುವುದಿಲ್ಲ. ಕುರಿ ಕಡಿದರೆ ತಲೆ, ಕರುಳು, ರಕ್ತ, ಕೊಬ್ಬು ಎಲ್ಲಕ್ಕೂ ಒಂದೊಂದು ಗತಿ ಕಾಣಿಸುತ್ತೇವೆ. ಹರಿದ ಬಲೆ ಕೋಳಿಗೂಡಿಗೆ ಬೇಲಿಯಾಗುತ್ತದೆ. ಕಾಯಿಲೆ ವಾಸಿಯಾದ ಮೇಲೆ ಮಿಕ್ಕ ಮಾತ್ರೆಗಳು ಡಬ್ಬಿ ಸೇರುತ್ತವೆ. ದೋಣಿ ಬರುವುದೋ ಬಿಡುವುದೋ ಎಂದು ಸಮುದ್ರವೇ ತೀರ್ಮಾನಿಸುವ ಕಡೆ ಹದಿನೆಂಟು ಜನ ಬದುಕಬೇಕಾದರೆ ಹೀಗೆಯೇ ಬದುಕಬೇಕು. ನನ್ನ ಡಬ್ಬಿ ಹಳೆಯ ಡೇನಿಷ್ ಬಿಸ್ಕತ್ತಿನದು, ನನ್ನ ತಾಯಿಯ ಕಾಲದ್ದು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಅಕ್ಟೋಬರ್ ರಜೆಗೆ ಮೊಮ್ಮಗಳು ಸೋಲ್ವಾ ಬಂದಿದ್ದಳು. ಅವಳಿಗೆ ಒಂಬತ್ತು ವರ್ಷ. ಅವಳ ತಾಯಿ, ನನ್ನ ಮಗಳು ರನ್ವಾ, ಎಂಟು ತಿಂಗಳ ಬಸುರಿ. ರಕ್ತದೊತ್ತಡ ಏರಿತೆಂದು ರಾಜಧಾನಿಯ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಅಳಿಯ ಮೀನು ಹಿಡಿಯುವ ಟ್ರಾಲರ್ ಹತ್ತಿ ಉತ್ತರದ ಸಮುದ್ರಕ್ಕೆ ಹೋಗಿದ್ದ. ಹಾಗಾಗಿ ಮಗುವೂ ಅವಳ ಸಿರಪ್ ಬಾಟಲಿಯೂ ನನ್ನ ಪಾಲಿಗೆ ಬಂದವು.

ಸೋಲ್ವಾಳ ದೇಹಕ್ಕೆ ಕೊಬ್ಬನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ಬರುವುದಿಲ್ಲ. ಅದಕ್ಕೆ ಬೇಕಾದ ಕಾರ್ನಿಟಿನ್ ಎಂಬ ವಸ್ತು ಅವಳ ಮೈಯಲ್ಲಿ ನಿಲ್ಲದೆ ಮೂತ್ರದಲ್ಲಿ ಸೋರಿಹೋಗುತ್ತದೆ. ದಿನಕ್ಕೆ ಮೂರು ಸಲ ಸಿರಪ್ ಕುಡಿಸಬೇಕು. ತಪ್ಪಿದರೆ ಹೃದಯ ನಿಂತುಹೋಗಬಹುದು. ಈ ಕಾಯಿಲೆ ನಮ್ಮ ದ್ವೀಪಗಳಿಗೆ ಹೊಸದಲ್ಲ, ಅದರ ಹೆಸರು ಮಾತ್ರ ಹೊಸದು. ಹಿಂದೆ ಚೆನ್ನಾಗಿದ್ದ ಮಕ್ಕಳು ನಿಂತಲ್ಲೇ ಕುಸಿದಾಗ ದೇವರ ಇಚ್ಛೆ ಎಂದು ಮಣ್ಣು ಮಾಡುತ್ತಿದ್ದೆವು. ನನ್ನ ಮಗ ಬ್ರಾಂಡೂರ್ ಹಾಗೆ ಹೋದಾಗ ಅವನಿಗೆ ಹದಿನಾರು. ಗಂಟಲು ಬಾತು ಜ್ವರ ಬಂದಿತ್ತು. ನಾಲ್ಕನೇ ದಿನ ಬೂಟು ಹಾಕಿಕೊಳ್ಳಲು ಮೆಟ್ಟಿಲ ಮೇಲೆ ಕೂತವನು ಏಳಲೇ ಇಲ್ಲ.

ಹದಿನೇಳು ವರ್ಷ ಕಳೆದು ಸೋಲ್ವಾ ಹುಟ್ಟಿದಾಗ ಅವಳ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಕಾಯಿಲೆ ಸಿಕ್ಕಿತು. ಬ್ರಾಂಡೂರನಿಗೂ ಇದೇ ಇದ್ದಿರಬೇಕು, ಇದು ರಕ್ತದಲ್ಲಿ ಬಂದದ್ದು, ಯಾರ ತಪ್ಪೂ ಅಲ್ಲ ಎಂದರು ವೈದ್ಯರು. ಅವನು ಹೋದ ಮೇಲೆ ಅಂದೇ ಮೊದಲ ಸಲ ನಾನು ಹೊಟ್ಟೆತುಂಬ ಊಟ ಮಾಡಿದೆ. ಆ ಮಾತನ್ನೇ ನೆಚ್ಚಿಕೊಂಡು ಒಂಬತ್ತು ವರ್ಷ ಬದುಕಿದೆ.

ಮಂಗಳವಾರ ಕುರಿ ಕಡಿದಿದ್ದೆವು. ರಕ್ತಕ್ಕೆ ಹಿಟ್ಟು, ಒಣದ್ರಾಕ್ಷಿ ಕಲಸಿ ಕರುಳಿಗೆ ತುಂಬುತ್ತಿದ್ದೆ. ಮೊಣಕೈವರೆಗೂ ರಕ್ತ. ಸೋಲ್ವಾ ಬಂದು ಬಾಗಿಲಲ್ಲಿ ನಿಂತಳು.

"ಅಜ್ಜೀ, ಉಚ್ಚೆ ಮಾಡಿದ್ರೆ ಉರೀತಿದೆ."

"ಬೆಳಗಿಂದ ಒದ್ದೆ ಕಲ್ಲಿನ ಮೇಲೆ ಕೂತು ಮೀನು ಹಿಡಿದ್ರೆ ಇನ್ನೇನಾಗತ್ತೆ?"

ಹಣೆ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಕೈ ತೊಳೆದು ಡಬ್ಬಿ ತೆಗೆದೆ. ಉರಿಮೂತ್ರಕ್ಕೆಂದು ನನಗೇ ವಸಂತದಲ್ಲಿ ಬರೆದುಕೊಟ್ಟಿದ್ದ ಮಾತ್ರೆಗಳು ಹನ್ನೆರಡು ಉಳಿದಿದ್ದವು.

"ಮಾತ್ರೆ ತಗೊಳ್ಳೋಕ್ ಮುಂಚೆ ಅಮ್ಮನ್ನ ಕೇಳ್ಬೇಕು ಅಜ್ಜೀ."

"ಮಲಗಿರೋಳಿಗೆ ಫೋನ್ ಮಾಡಿ ಬಿ.ಪಿ. ಏರಿಸ್ಬೇಕಾ? ನಿಮ್ಮಮ್ಮನ್ನ ಹೆತ್ತೋಳು ನಾನು ಕಣೇ. ಬಾಯಿ ತೆಗಿ."

ಬಾಯಿ ತೆಗೆದಳು. ಒಳ್ಳೆಯ ಮಗು, ಹೇಳಿದ ಮಾತು ಕೇಳುತ್ತಾಳೆ.

ಅಂದಿನಿಂದ ದಿನಕ್ಕೆ ಮೂರು ಮಾತ್ರೆ ಕೊಟ್ಟೆ. ಬುಧವಾರದಿಂದ ಅಲೆ ಎದ್ದು ದೋಣಿ ಕಟ್ಟೆಗೆ ಹತ್ತಿರ ಬರಲಾಗಲಿಲ್ಲ. ಗುರುವಾರ ಉರಿ ಕಡಿಮೆಯಾಯಿತು ಎಂದಳು, ನಾನು ಬೀಗಿದೆ. ಊಟ ಮಾತ್ರ ಸೇರುತ್ತಿರಲಿಲ್ಲ. ಕುರಿಯ ಗುಂಡಿಗೆ ಬೇಯಿಸಿ ಸಾರು ಕುಡಿಸಲು ನೋಡಿದೆ, ಕಕ್ಕಿದಳು.

ಶುಕ್ರವಾರ ಮಧ್ಯಾಹ್ನ ಮಂಚದಿಂದ ಅಡುಗೆಮನೆಗೆ ಬರುತ್ತ ಬಾಗಿಲ ಬಳಿ ಕುಸಿದಳು. ಎತ್ತಿ ಬೆಂಚಿನ ಮೇಲೆ ಮಲಗಿಸಿದೆ. ತುಟಿ ಬೆಳ್ಳಗಾಗಿತ್ತು. ಎದೆಯ ಮೇಲೆ ಕೈಯಿಟ್ಟೆ. ಬಲೆಗೆ ಬಿದ್ದ ಕಡಲಹಕ್ಕಿಯನ್ನು ಅಂಗೈಯಲ್ಲಿ ಹಿಡಿದರೆ ಅದರ ಎದೆ ಹಾಗೆ ಬಡಿಯುತ್ತದೆ: ಓಡುತ್ತದೆ, ತಡೆಯುತ್ತದೆ, ಮತ್ತೆ ಓಡುತ್ತದೆ. ಆಸ್ಪತ್ರೆಗೆ ಫೋನ್ ಮಾಡಿದೆ.

ಮಾತಾಡಿದ ವೈದ್ಯೆ ಎಳೆ ವಯಸ್ಸಿನವಳು. ಹೆಸರು ಹೇಳುತ್ತಲೇ ಸೋಲ್ವಾಳ ಕಾಗದಪತ್ರ ತೆಗೆದಳು. ಹೆಲಿಕಾಪ್ಟರ್ ಸಿದ್ಧವಿದೆ, ಆದರೆ ನಿಮ್ಮ ದ್ವೀಪದ ಮೇಲೆ ಮೋಡ ಕೂತಿದೆ, ಸರಿಯುವ ತನಕ ಇಳಿಯಲಾಗದು ಎಂದಳು. ಆಮೇಲೆ ಕೇಳಿದಳು:

"ಸಿರಪ್ ಬಿಟ್ಟು ಬೇರೆ ಏನಾದ್ರೂ ಔಷಧಿ ಕೊಟ್ಟಿದ್ದೀರಾ?"

"ಇಲ್ಲ," ಎಂದೆ.

ಆ ಸುಳ್ಳು ಯಾಕೆ ಬಾಯಿಗೆ ಬಂತೆಂದು ಕೇಳಬೇಡಿ. ಎಪ್ಪತ್ತು ವರ್ಷದ ಹೆಂಗಸು, ಚಿಕ್ಕ ಹುಡುಗಿಯ ಕೈಲಿ ಬೈಸಿಕೊಳ್ಳಲು ನಾಚಿಕೆಯಾಯಿತು. ಇರುವುದು ಇಷ್ಟೇ.

"ಯೋಚಿಸಿ ಹೇಳಿ ಅಮ್ಮಾ," ಎಂದಳು ಅವಳು ಮೆಲ್ಲಗೆ. "ಕೆಲವು ಮಾತ್ರೆಗಳು ಮೈಯಲ್ಲಿರೋ ಚೂರುಪಾರು ಕಾರ್ನಿಟಿನ್ನೂ ಬಾಚ್ಕೊಂಡು ಹೋಗ್ತವೆ. ಉರಿಮೂತ್ರಕ್ಕೆ ಕೊಡೋದು ಒಂದಿದೆ. ಬೇರೆಯವ್ರಿಗೆ ಏನೂ ಆಗಲ್ಲ. ಈ ಕಾಯಿಲೆಯವ್ರಿಗೆ ನಾಲ್ಕೈದು ದಿನದಲ್ಲಿ ಹೃದಯಕ್ಕೆ ಬರತ್ತೆ. ಕೊಟ್ಟಿದ್ರೆ ಹೇಳ್ಬಿಡಿ, ನಾನು ಮಾಡೋದೆಲ್ಲ ಬದಲಾಗತ್ತೆ."

ನಾಲ್ಕೈದು ದಿನ. ಡಬ್ಬಿ ಎದುರಿಗೇ, ಕಿಟಕಿಯ ಹಲಗೆಯ ಮೇಲಿತ್ತು. ಬ್ರಾಂಡೂರನ ಗಂಟಲು ಬಾತಾಗಲೂ ಅಲೆ ಎದ್ದು ದೋಣಿ ನಿಂತಿತ್ತು. ಆಗಲೂ ನನ್ನ ಉರಿಮೂತ್ರದ ಮಾತ್ರೆಗಳೇ ಮಿಕ್ಕಿದ್ದವು, ಜ್ವರಕ್ಕೆ ಯಾವುದಾದರೇನು ಎಂದು ಅವನ್ನೇ ಕೊಟ್ಟಿದ್ದೆ. ಅದೇ ಹೆಸರಿನ ಪೆಟ್ಟಿಗೆ. ಹೌದು ಎಂದರೆ ಸೋಲ್ವಾಳಿಗೊಂದು ದಾರಿ ಸಿಗುತ್ತದೆ, ಅವನನ್ನು ಕೊಂದವಳು ನಾನೇ ಎಂದಾಗುತ್ತದೆ. ಇಲ್ಲ ಎಂದರೆ ನನ್ನ ಒಂಬತ್ತು ವರ್ಷದ ನೆಮ್ಮದಿ ನನಗೇ ಉಳಿಯುತ್ತದೆ. ನಾನು ಹಿಂದುಮುಂದು ನೋಡಿದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಆದರೆ ನೋಡಿದ್ದು ನಿಜ. ಬೆಂಚಿನ ಮೇಲೆ ಮಗು ಏದುಸಿರು ಬಿಡುತ್ತಿತ್ತು.

"ಕೊಟ್ಟಿದ್ದೀನಿ. ನಿನ್ನೆವರೆಗೆ ಒಂಬತ್ತು, ಇವತ್ತು ಬೆಳಗ್ಗೆ ಒಂದು," ಎಂದು ಪೆಟ್ಟಿಗೆಯ ಮೇಲಿನ ಹೆಸರು ಓದಿದೆ.

ಅವಳು ಬೈಯಲಿಲ್ಲ. ಆ ಮಾತ್ರೆ ನಿಲ್ಲಿಸಿ, ಸಿರಪ್ ದುಪ್ಪಟ್ಟು ಮಾಡಿ, ಸಕ್ಕರೆ ನೀರು ಗುಟುಕು ಗುಟುಕಾಗಿ ಕೊಡಿ, ಅಲುಗಾಡದೆ ಮಲಗಿಸಿ, ಫೋನ್ ಇಡಬೇಡಿ ಎಂದಳು. ಬಾಟಲಿ ಎತ್ತಿದೆ. ತಳದಲ್ಲಿ ಎರಡು ಚಮಚ ಇತ್ತು. ವಾರಕ್ಕೆಂದು ಅಳೆದು ಕಳಿಸಿದ್ದಳು ರನ್ವಾ.

ಕಿಟಕಿ ತೆಗೆದು ಹಾನೂಸನನ್ನು ಕೂಗಿದೆ. ಪಕ್ಕದ ಮನೆಯವನು, ನನ್ನ ಜೊತೆ ಶಾಲೆಗೆ ಬಂದವನು. ದ್ವೀಪದವರೆಲ್ಲರ ರಕ್ತ ನೋಡಿದ ವರ್ಷ ಅವನಲ್ಲೂ ಇದೇ ಕಾಯಿಲೆ ಸಿಕ್ಕಿತ್ತು. ಅರವತ್ತು ವರ್ಷ ದೋಣಿಯ ಹುಟ್ಟು ಹಾಕಿದವನಿಗೆ ಎಂಥ ಕಾಯಿಲೆ ಎಂದು ನಕ್ಕು, ಟಪಾಲಲ್ಲಿ ಬಂದ ಬಾಟಲಿಗಳನ್ನೆಲ್ಲ ದೋಣಿಮನೆಯ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ. ಎಸೆಯದಿರುವ ಚಟ ಅವನಿಗೂ ಇತ್ತು.

"ಸಿರಪ್ ತಾ ಹಾನೂಸ್. ಹೊಸಾದು ನೋಡಿ ತಾ."

"ಅದು ಕುಡಿದ್ರೆ ಮೈಯೆಲ್ಲ ಹಳಸಿದ ಮೀನಿನ ವಾಸನೆ ಬರತ್ತೆ," ಎಂದವನು ನನ್ನ ಮುಖ ನೋಡಿ ಅಲ್ಲೇ ತಿರುಗಿದ. ಆ ವಯಸ್ಸಿನಲ್ಲೂ ಓಡಿದ. ಐದು ಬಾಟಲಿ ಅಪ್ಪಿಕೊಂಡು ಬಂದು ತಾರೀಕು ಓದಿ ಒಂದನ್ನು ಕೊಟ್ಟ. "ಎಲ್ಸ್ಬಾ, ನೀನು ತಲೆ ಹಿಡ್ಕೋ. ಚಮಚ ಇಲ್ಲಿ ಕೊಡು," ಎಂದ.

ಮೂರು ಗಂಟೆ ಹಾಗೆ ಕಳೆದವು. ಅವನು ಚಮಚ ಹಿಡಿದ, ನಾನು ತಲೆ ಹಿಡಿದೆ. ಎರಡು ಸಲ ಅವಳ ಎದೆ ನಿಂತೇಹೋಯಿತೆಂದು ನಾನು ಕಿರುಚಿದೆ, ಎರಡು ಸಲವೂ ಫೋನಿನ ಹುಡುಗಿ ನನ್ನನ್ನು ಎದೆಬಡಿತ ಎಣಿಸಲು ಹಚ್ಚಿದಳು. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ? ಕೊನೆಗೆ ಗುಡ್ಡದ ತುದಿಯಿಂದ ಮೋಡ ಸ್ವಲ್ಪ ಎದ್ದಿತು, ಹೆಲಿಕಾಪ್ಟರ್ ಸದ್ದು ಕೇಳಿಸಿತು. ಹಾನೂಸ್ ದೋಣಿಮನೆಯ ಬಾಗಿಲನ್ನೇ ಕಳಚಿ ತಂದಿದ್ದ; ಅದರ ಮೇಲೆ ಮಲಗಿಸಿ, ಓಡಿಬಂದ ನೆರೆಯವರಿಬ್ಬರೂ ಸೇರಿ ನಾಲ್ವರು ಹೊತ್ತೆವು. ನಾನೂ ಜೊತೆಗೆ ಹತ್ತಿದೆ.

ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ, ಸೋಲ್ವಾಳ ಹೃದಯ ತಾಳಕ್ಕೆ ಬಂದಿದೆ, ಇನ್ನು ಭಯವಿಲ್ಲ ಎಂದರು. ದಾದಿ ರನ್ವಾಳನ್ನು ಗಾಲಿಕುರ್ಚಿಯಲ್ಲಿ ತಂದು ಮಗಳ ಹಾಸಿಗೆಯ ಪಕ್ಕ ಬಿಟ್ಟು ಹೋದಳು. ನಾನು ಮಾತಿಗೆ ಕಾಯಲಿಲ್ಲ. ಇನ್ನೂ ಕಾದರೆ ಧೈರ್ಯ ಸೋರಿಹೋಗುತ್ತಿತ್ತು.

"ಬ್ರಾಂಡೂರ್‌ಗೂ ಅದೇ ಮಾತ್ರೆ ಕೊಟ್ಟಿದ್ದೆ ಕಣೇ."

"ಗೊತ್ತು," ಎಂದಳು ರನ್ವಾ.

ನನಗೆ ಅರ್ಥವಾಗಲಿಲ್ಲ.

"ನೀರಿನ ಲೋಟ ಹಿಡ್ಕೊಂಡು ನಿಂತಿದ್ದೋಳು ನಾನು. ಹನ್ನೆರಡು ವರ್ಷ ನಂಗೆ. ಪೆಟ್ಟಿಗೆ ಮೇಲಿನ ಹೆಸರು ಜೋರಾಗಿ ಓದಿದ್ದೆ, ನೆನಪಿಲ್ವಾ?" ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು. "ಸೋಲ್ವಾ ಹುಟ್ಟಿದ ಎಂಟನೇ ದಿನ, ಕೊಡಬಾರದ ಔಷಧಿಗಳು ಅಂತ ಒಂದು ಪಟ್ಟಿ ಕೊಟ್ರು. ಮೊದಲನೇದೇ ಅದು. ಎರಡು ಪ್ರತಿ ಕೊಟ್ಟಿದ್ರು, ಒಂದು ಅಜ್ಜಿ ಮನೆಗೆ ಅಂತ."

"ನಂಗೆ ಯಾಕೆ ಕೊಡ್ಲಿಲ್ಲ?"

"ನೀನು ಆಗ ತಾನೇ ಊಟ ಮಾಡೋಕೆ ಶುರು ಮಾಡಿದ್ದೆ ಅಮ್ಮಾ."

ನನಗೆ ಸಿಟ್ಟು ಬಂತು. ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ನನ್ನನ್ನು ಉಳಿಸಲು ಹೋಗಿ ತನ್ನ ಮಗುವನ್ನೇ ಒತ್ತೆ ಇಟ್ಟಿದ್ದಳು. ಅವಳನ್ನು ಉಳಿಸಲು ಹೋಗಿ ನಾನು ಫೋನ್ ಮಾಡಿರಲಿಲ್ಲ. ಇಬ್ಬರೂ ಅಳಲಿಲ್ಲ.

ಸಿರಪ್ಪಿನ ಹೊತ್ತಾಗಿತ್ತು. ದಾದಿ ಅಳೆದಿಟ್ಟಿದ್ದನ್ನು ನಾನೇ ಚಮಚಕ್ಕೆ ಸುರಿದು ಸೋಲ್ವಾಳ ತುಟಿಯ ಬಳಿ ಹಿಡಿದೆ. ಯಾವಾಗಲೂ ಚಮಚ ಕಂಡೊಡನೆ ಬಾಯಿ ತೆಗೆಯುತ್ತಿದ್ದ ಮಗು. ಅವಳು ಬಾಯಿ ಮುಚ್ಚಿಕೊಂಡು ತಾಯಿಯ ಕಡೆ ತಿರುಗಿದಳು.

ರನ್ವಾ ಹೂಂ ಎಂದು ತಲೆಯಾಡಿಸಲು ತುಸು ಹೊತ್ತು ಹಿಡಿಯಿತು. ಅಲ್ಲಿಯವರೆಗೆ ನಾನು ಚಮಚ ಹಿಡಿದುಕೊಂಡೇ ನಿಂತಿದ್ದೆ.