ಉಗುಳು ನುಂಗಿದ ಅಜ್ಜ

ಐವತ್ತೇಳು ಡಿಗ್ರಿ ನಿಜವೇ? ನಿಜವಾಗಿದ್ದರೆ ಅಜ್ಜನ ಕೈ ಇನ್ನೂ ಯಾಕೆ ನಡುಗುತ್ತಿದೆ?

ಯಂತ್ರ ನಡೆಸುವ ಥಾಕ್ ಗಾಜಿನಾಚೆ ನೋಡಿದ. ದೇಗು ಊರಿನಲ್ಲಿ ಐವತ್ತು ವರ್ಷ ಮರದ ಮೊಹರು ಕೆತ್ತಿದ ಪ್ಯೋ ಅಜ್ಜ, ತಲೆಗೆ ಚೌಕಟ್ಟು ಬಿಗಿಸಿಕೊಂಡು ಎಂಆರ್‌ಐ ಹಾಸಿಗೆಯ ಮೇಲೆ ಮಲಗಿದಲ್ಲೇ, ನಡುಕ ಎಷ್ಟು ಇಳಿದಿದೆ ಎಂದು ತೋರಿಸಲು ಕಾಗದದ ಮೇಲೆ ಸುರುಳಿ ಬರೆಯುತ್ತಿದ್ದರು. ಗೆರೆ ಬೆಳಗ್ಗೆಗಿಂತ ವಾಸಿ, ಆದರೂ ಗರಗಸದಂತಿತ್ತು.

ನಡುಕ ಹುಟ್ಟಿಸುವ ಮಿದುಳಿನ ಚುಕ್ಕೆಯನ್ನು ಶಬ್ದದ ಅಲೆಗಳಿಂದ ಕಾಯಿಸುತ್ತಿದ್ದರು. ಶಾಖ ಕಡಿಮೆಯಾದರೆ ನಡುಕ ಮರಳುತ್ತದೆ. ಹೆಚ್ಚಾದರೆ ಬೆರಳುಗಳ ಸ್ಪರ್ಶವೇ ಹೋಗಬಹುದು.

"ಅಂಕಿ ಬಂತಲ್ಲ, ಸಾಕು ಬಿಡೋ," ಎಂದರು ಡಾಕ್ಟರ್ ಮೇಂಗ್. "ಉಳಿದಿದ್ದು ನಾಳೆ ಹೊತ್ತಿಗೆ ನಿಲ್ಲುತ್ತೆ."

ಯಂತ್ರ ಮಿದುಳನ್ನು ಮುಟ್ಟಿ ಬಿಸಿ ಅಳೆಯುವುದಿಲ್ಲ. ಕಾಯಿಸುವ ಮುಂಚಿನ ಚಿತ್ರವನ್ನೂ ಕಾಯಿಸುವಾಗಿನ ಚಿತ್ರವನ್ನೂ ಹೋಲಿಸಿ ಅಂಕಿ ಹೇಳುತ್ತದೆ. ಸುರುಳಿ ಬರೆಸಲು ಹಾಸಿಗೆ ಹೊರಗೆ ಬಂದು ಒಳಗೆ ಹೋದಾಗಲೆಲ್ಲ ಮುಂಚಿನ ಚಿತ್ರವನ್ನು ಹೊಸದಾಗಿ ತೆಗೆಯಬೇಕು. ಕಳೆದ ಸಲ ತೆಗೆದೆನೇ?

ಥಾಕ್ ಹಾಸಿಗೆಯನ್ನು ಒಳಕ್ಕೆ ಸರಿಸಿ, ಶಾಖ ಕೊಡದೆಯೇ ಒಂದು ಚಿತ್ರ ತೆಗೆದು ಹಳೆಯದರೊಡನೆ ಹೋಲಿಸಿದ. ತಣ್ಣಗಿದ್ದ ಮಿದುಳು ನಾಲ್ಕು ಡಿಗ್ರಿ ಹೆಚ್ಚು ತೋರಿಸಿತು.

"ಸರ್, ಅದು ಐವತ್ತೇಳಲ್ಲ, ಐವತ್ಮೂರು. ತಲೆ ಕೂದಲೆಳೆಯಷ್ಟು ಸರಿದಿದೆ."

"ಸ್ಕ್ರೂ ಹಾಕಿದ ತಲೆ ಹೆಂಗಪ್ಪಾ ಸರಿಯುತ್ತೆ?"

ಥಾಕ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಉಗುಳು ನುಂಗಿರ್ಬೇಕು, ಸರ್."

ಮೇಂಗ್ ಮೈಕಿನಲ್ಲಿ ಕೇಳಿದರು: "ಅಜ್ಜಾ, ಬಿಸಿ ಮಾಡುವಾಗ ಉಗುಳು ನುಂಗಿದ್ರಾ?"

"ನುಂಗಿರ್ತೀನಿ ಡಾಕ್ಟ್ರೇ, ತಪ್ಪಾಯ್ತು. ಉಪವಾಸ ಕೆಡವಿದ್ದೀರಿ, ಬೆಳಗ್ಗಿಂದ ಕಪ್ಪೆಚಿಪ್ಪಿನ ಗಂಜಿನೇ ಕಣ್ಮುಂದೆ ಬರ್ತಿದೆ. ಇನ್ನೊಂದ್ಸಲ ಮಾಡ್ಬೇಕಾ?"

"ಒಂದೇ ಸಲ."

"ಮಾಡಿ. ಈ ಸಲ ಕಲ್ಲಿನ ಥರ ಇರ್ತೀನಿ."

ಥಾಕ್ ಹೊಸ ಚಿತ್ರ ತೆಗೆದ. ಎರಡು ಸಲ ಪರೀಕ್ಷಿಸಿದ. ಹದಿನೈದು ಸೆಕೆಂಡು ಕಾಯಿಸಿದರು. ತಲೆಯೊಳಗೆ ಉರಿ ಎದ್ದಿರಬೇಕು; ಅಜ್ಜನ ಕಾಲ್ಬೆರಳುಗಳು ಮುದುಡಿದವು. ಗಂಟಲು ಮಾತ್ರ ಅಲುಗಲಿಲ್ಲ.

ಐವತ್ತೇಳು.

ಈ ಸಲದ ಸುರುಳಿ ನುಣ್ಣಗೆ ಬಂತು. ಅಜ್ಜ ಅದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಥಾಕ್‌ನ ಹೆಸರು ಕೇಳಿ, ಮೊಹರಿನಲ್ಲಿ ಕೆತ್ತುವ ಹಾಗೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದರು.

"ನನ್ನಿಂದ ನಿಮಗೆ ಎರಡೆರಡು ಸಲ ಕೆಲಸ ಆಯ್ತಲ್ಲಪ್ಪಾ," ಎಂದು ಕಾಗದ ಚಾಚಿದರು.

ಥಾಕ್ ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡು ತಲೆ ಬಾಗಿಸಿದ. ಅಜ್ಜ ಅಲುಗಿರಲಿಲ್ಲ, ಹೊಸ ಚಿತ್ರ ತೆಗೆಯಲು ಮರೆತವನು ತಾನು ಎಂದು ಅವನು ಹೇಳಲೇ ಇಲ್ಲ.