ತಂಪಿಗೆ ಇಡದ ಕೂಸು

ನಸುಕಿನಲ್ಲಿ ಹುಟ್ಟಿದ ಕೂಸು ಕೂಡಲೇ ಅಳಲಿಲ್ಲ. ಹೊಸದುರ್ಗದ ಆಸ್ಪತ್ರೆಯ ನರ್ಸು ಬೆನ್ನು ತಿಕ್ಕಿ, ಮೂಗುಬಾಯಿಗೆ ಪುಟ್ಟ ಮಾಸ್ಕು ಹಿಡಿದು ಗಾಳಿ ಒತ್ತಿದ ಮೇಲೆ ಸಣ್ಣಗೆ ಕುಂಯ್‌ಗುಟ್ಟಿತು. ಬೆಳಿಗ್ಗೆ ಬೆಳಿಗ್ಗೆಯೇ ತಾಯಿ ಯಶೋದಾ, ಮಗು ಇಬ್ಬರನ್ನೂ ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು. ಜೊತೆಗೆ ಅತ್ತೆ ಗಂಗಕ್ಕ. ಗಂಡ ತಿಮ್ಮೇಶ ಹಿರಿಯೂರಿನ ಕಡೆ ಕುರಿ ಮೇಯಿಸಲು ಹೋಗಿದ್ದವನು ಹಿಂಡನ್ನು ತಮ್ಮನಿಗೆ ಒಪ್ಪಿಸಿ ಬೈಕಿನಲ್ಲಿ ಬಂದ.

ಡಾಕ್ಟ್ರಮ್ಮ ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಹುಟ್ಟುವಾಗ ಆಮ್ಲಜನಕ ಸಾಲದೆ ಮಿದುಳಿಗೆ ಪೆಟ್ಟಾಗಿದೆ, ಆದರೆ ಸಣ್ಣದು. ಪೆಟ್ಟು ದೊಡ್ಡದಾಗಿದ್ದರೆ ಮೂರು ದಿನ ಮೈ ತಣ್ಣಗಿಡುವ ಚಿಕಿತ್ಸೆ ಇದೆ. ಹುಟ್ಟಿದ ಆರು ಗಂಟೆಯೊಳಗೆ ಶುರು ಮಾಡಬೇಕು. ಸಣ್ಣ ಪೆಟ್ಟಿಗೆ ಅದರಿಂದ ಲಾಭವಿದೆಯೆಂದು ಖಾತ್ರಿಯಿಲ್ಲ, ತೊಂದರೆಯೂ ಆಗಬಹುದು. ಆಗಾಗ ನೋಡುತ್ತಿರುತ್ತೇವೆ, ಹೆಚ್ಚಾದರೆ ತಂಪಿಗೆ ಹಾಕುತ್ತೇವೆ. ಅಲ್ಲಿಯವರೆಗೆ ಮೈ ಬಿಸಿಯೇರಬಾರದು, ಅದು ಮಿದುಳಿಗೆ ಕೆಟ್ಟದ್ದು.

ಸುಮ್ಮನೆ ಕಾಯಲು ತಿಮ್ಮೇಶ ಒಪ್ಪಲಿಲ್ಲ. ಚಿಕ್ಕಜಾಜೂರಿನ ಮಂಜಣ್ಣಮಾವನ ಮೊಮ್ಮಗನನ್ನು ಹೀಗೇ ತಂಪಿಗಿಟ್ಟಿದ್ದರಂತೆ, ಈಗ ಅವನು ಗಟ್ಟಿಮುಟ್ಟಾಗಿ ಅಂಗನವಾಡಿಯ ಮಕ್ಕಳನ್ನೆಲ್ಲ ಹೊಡೆದು ಬರುತ್ತಾನಂತೆ.

"ಅವರ ಕೂಸಿಗೆ ಆಗ್ತದೆ, ನಮ್ಮದಕ್ಕೆ ಆಗಲ್ಲ ಅಂದ್ರೆ ಹೆಂಗ್ರೀ ಮೇಡಂ? ಸುಮ್ನೆ ನೋಡ್ತಾ ಕುಂದ್ರೋಕೆ ಇಷ್ಟು ದೂರ ಬರಬೇಕಿತ್ತಾ?"

ಆ ಮಗುವಿಗೆ ಪೆಟ್ಟು ದೊಡ್ಡದಿತ್ತೇನೋ ಎಂದು ಡಾಕ್ಟ್ರಮ್ಮ ಅಂದದ್ದು ಅವನ ಕಿವಿಗೆ ಬೀಳಲಿಲ್ಲ. ಗಂಗಕ್ಕನದು ಬೇರೆಯೇ ರಾಗ. ನೆಲಕ್ಕೆ ಬಿದ್ದ ಕುರಿಮರಿ ತಣ್ಣಗಾದರೆ ಕೈಬಿಟ್ಟಂತೆಯೇ ಲೆಕ್ಕ, ಇನ್ನು ಬೇಕೆಂದೇ ತಣ್ಣಗೆ ಮಾಡುವ ಔಷಧಿ ಎಲ್ಲಾದರೂ ಉಂಟೇ ಎಂದು ಕಾರಿಡಾರಿನಲ್ಲಿ ಸಿಕ್ಕವರನ್ನೆಲ್ಲ ಕೇಳಿದಳು. ಯಶೋದಾ ಇಬ್ಬರ ನಡುವೆ ಕೂತು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಮಾಡದಕೆರೆಯ ಅವರ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ಹಿರಿಯರ ಕಂಬಳಿಯ ಮೇಲೆ. ಗಂಗಕ್ಕ ತೀರಿಹೋದ ಗಂಡನ ಕಂಬಳಿಯಿಂದ ಒಂದು ತುಂಡು ಕತ್ತರಿಸಿ ತಂದಿದ್ದಳು. ಕೂಸನ್ನು ನೋಡಲು ಸೊಸೆಯ ಜೊತೆ ಕೂಸುಗಳ ವಾರ್ಡಿನೊಳಗೆ ಹೋದಾಗ, ನರ್ಸು ಆಚೆ ತಿರುಗಿದ್ದೇ ತಡ, ಅದನ್ನು ಬಿಸಿದೀಪದಡಿ ಮಲಗಿದ್ದ ಕೂಸಿನ ಬೆನ್ನ ಕೆಳಗಿನ ಬಟ್ಟೆಯೊಳಗೆ ತೂರಿಸಿದಳು. ಯಶೋದಾ ನೋಡಿದಳು. ಅತ್ತೆಯೂ ಅವಳನ್ನು ನೋಡಿದಳು. ಮದುವೆಯಾಗಿ ಬಂದಂದಿನಿಂದ ಅತ್ತೆಗೆ ಒಂದು ಎದುರುಮಾತು ಆಡಿದವಳಲ್ಲ, ಈಗಲೂ ನುಂಗಿಕೊಂಡಳು. ಒಂದು ತುಂಡು ಕಂಬಳಿ ಏನು ಮಾಡೀತು?

ಹೊರಗೆ ಬಂದು ಕೂತರೆ ಕೂರಲಾಗಲಿಲ್ಲ. ಹೊಲಿಗೆಯ ನೋವಿನಲ್ಲೇ ಎದ್ದು ಗೋಡೆ ಹಿಡಿದು ಬಾಗಿಲಿನವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಒಳಗೆ ಯಾವುದೋ ಮಿಷಿನ್ನು ಕೂಗಿದರೆ ಅದು ತನ್ನ ಕೂಸಿನದೇ ಅನ್ನಿಸುತ್ತಿತ್ತು. ಆಮೇಲೆ ಡಾಕ್ಟ್ರಮ್ಮನೇ ಹೊರಗೆ ಬಂದರು. ಮುಖದಲ್ಲಿ ಬೆಳಗಿನ ನೆಮ್ಮದಿ ಇರಲಿಲ್ಲ. ಕೂಸಿನ ಮೈ ಸುಡುತ್ತಿದೆ, ಎದೆ ಜೋರಾಗಿ ಹೊಡೆದುಕೊಳ್ಳುತ್ತಿದೆ, ಕೈಕಾಲು ಅದುರಿಸುತ್ತಿದೆ. ಸೋಂಕಿರಬಹುದು, ಮಿದುಳಿನ ಪೆಟ್ಟೇ ಹೆಚ್ಚಾಗಿರಲೂಬಹುದು. ಆರು ಗಂಟೆಯಲ್ಲಿ ಉಳಿದಿರುವುದು ಸ್ವಲ್ಪವೇ ಹೊತ್ತು.

"ಕಾಯೋಕೆ ಟೈಮಿಲ್ಲ. ತಂಪಿಗೆ ಹಾಕೋದೇ ಸರಿ ಅನ್ನಿಸ್ತಿದೆ."

"ಬೆಳಿಗ್ಗೆಯಿಂದ ಅದನ್ನೇ ಬಡ್ಕೊಂಡೆ ನಾನು," ಎಂದು ತಿಮ್ಮೇಶ ಸಹಿ ಹಾಕಲು ಪೆನ್ನು ಇಸಿದುಕೊಂಡ.

ಯಶೋದಾ ಅತ್ತೆಯ ಕಡೆ ತಿರುಗಿದಳು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದಳು. ಹೇಳಿದರೆ ಮನೆಯಲ್ಲಿ ಬಾಳುವುದು ಕಷ್ಟ. ಹೇಳಿ ತಂಪು ತಪ್ಪಿಸಿ, ನಾಳೆ ಕೂಸಿಗೆ ಏನಾದರೂ ಆದರೆ? ಹೇಳದೇ ಬಿಟ್ಟು, ಬೇಡದ ತಂಪಿನಲ್ಲಿ ಮೂರು ದಿನ ನಡುಗಿದರೆ?

"ಮೇಡಂ, ಬೆನ್ನ ಕೆಳಗೆ ಕಂಬಳಿ ಐತೆ," ಎಂದಳು. "ಮೊದ್ಲು ಅದನ್ನ ತೆಗೆದು ನೋಡ್ರಿ."

ಡಾಕ್ಟ್ರಮ್ಮ ಒಳಗೆ ಓಡಿದರು. ತಿಮ್ಮೇಶ ತಾಯಿಯತ್ತ ತಿರುಗಿದ. ಗಂಗಕ್ಕ ಬೈಯಲಿಲ್ಲ, ಅಳಲಿಲ್ಲ. "ಮರಿಗೆ ಹಂಗೇ ಅಲ್ಲೇನಪ್ಪ ಮಾಡೋದು," ಎಂದಷ್ಟೇ ಹೇಳಿ ಬೆಂಚಿನ ತುದಿಗೆ ಸರಿದು ಕೂತಳು.

ದೀಪದ ಶಾಖವನ್ನು ಹಿಡಿದಿಟ್ಟಿದ್ದ ಕಂಬಳಿ ತೆಗೆದ ಮೇಲೆ ಬಿಸಿ ನಿಧಾನವಾಗಿ ಇಳಿಯಿತು. ಎದೆಬಡಿತ ಹದಕ್ಕೆ ಬಂತು, ಅದುರುವುದು ನಿಂತಿತು. ಡಾಕ್ಟ್ರಮ್ಮ ಕಣ್ಣು, ಕೈ, ಹಿಡಿತ ಎಲ್ಲ ಮತ್ತೆ ಪರೀಕ್ಷಿಸಿದರು. ಪೆಟ್ಟು ಬೆಳಿಗ್ಗೆ ಇದ್ದಷ್ಟೇ ಇದೆ, ತಂಪು ಬೇಡ, ಎಂದರು. ಗಂಗಕ್ಕನನ್ನೂ ಕರೆದು, ಅಜ್ಜಿ, ಕೈ ಮುಟ್ಟಿಸಬಹುದು, ಏನನ್ನೂ ಹಾಸಬಾರದು, ಹೊದಿಸಬಾರದು ಎಂದು ಮೆತ್ತಗೆ ಹೇಳಿದರು. ಕೂಸು ನಡೆಯುವ, ಮಾತಾಡುವವರೆಗೂ ತೋರಿಸುತ್ತಿರಬೇಕು, ಆಗಲೇ ಪೂರ್ತಿ ತಿಳಿಯುವುದು.

ಆರು ಗಂಟೆಯ ಗಡುವು ಹಾಗೇ ದಾಟಿಹೋಯಿತು. ತಿಮ್ಮೇಶ ಹೆಂಡತಿಯ ಪಕ್ಕ ಕೂತ.

"ಮುಂದೆ ಏನಾರ ಆದ್ರೆ ಯಶೋದಾ?"

"ತಂಪಿಗಿಟ್ಟಿದ್ರೂ ಇದನ್ನೇ ಕೇಳ್ತಿದ್ದಿ," ಎಂದಳು. ಹಾಗೆಂದರೂ ಅವಳ ಕಣ್ಣು ಒಳಗಿನ ಬಾಗಿಲ ಮೇಲೇ ಇತ್ತು.

ಸಂಜೆಗೆ ನರ್ಸು ಕರೆದು ಕೂಸನ್ನು ಅವಳ ಎದೆಗೆ ಕೊಟ್ಟಳು. ಅದು ಮೂತಿ ಆಡಿಸಿತು, ಹಿಡಿಯಿತು, ಬಿಟ್ಟಿತು. ಯಶೋದಾ ಮತ್ತೆ ಒಡ್ಡಿದಳು. ಈ ಸಲ ಹಿಡಿದದ್ದು ಬಿಡಲಿಲ್ಲ. ನಾಲ್ಕು ಗುಟುಕು ಕುಡಿದು ನಿದ್ದೆಹೋಯಿತು. ನಿದ್ದೆಯೋ, ಸುಸ್ತೋ ಎಂದು ಅವಳು ಮತ್ತೆ ಮತ್ತೆ ಬಗ್ಗಿ ನೋಡುತ್ತಲೇ ಇದ್ದಳು.